ಗಣಪನಿಗೆ ಮೇಜು ಬಿಟ್ಟುಕೊಟ್ಟ ಸೆಂಟರ್ ಫಾರ್ವರ್ಡ್

ಡೂಗಲ್ ರೆನ್ನಿಯವರ ಮೂಗು ಎರಡು ಸಲ ಮುರಿದಿತ್ತು. ಒಮ್ಮೆ ಸ್ಕಾಟ್ಲೆಂಡಿನಲ್ಲಿ, ಒಮ್ಮೆ ಮಲೇಷ್ಯಾದ ಮೆಲಾಕಾದಲ್ಲಿ. ಎರಡು ಸಲವೂ ಚೆಂಡು ಗೋಲಿನೊಳಗೇ ಹೋಗಿತ್ತು, ಹಾಗಾಗಿ ಮೂಗಿನ ಬಗ್ಗೆ ಅವರಿಗೆ ಚಿಂತೆಯಿರಲಿಲ್ಲ.

ಸ್ಕಾಟ್ಲೆಂಡಿನ ಮೀನುಗಾರರ ಊರಿನಲ್ಲಿ ಹುಟ್ಟಿದ ಗಿಡ್ಡ ಆಳು, ಫುಟ್‌ಬಾಲ್ ಆಟಗಾರ. ತನಗಿಂತ ಒಂದು ಮೊಳ ಎತ್ತರದ ದಾಂಡಿಗರ ನಡುವೆ ತಲೆ ತೂರಿಸಿ ಗೋಲು ಹೊಡೆಯುವುದರಲ್ಲಿ ಎತ್ತಿದ ಕೈ. ಆದರೂ ಅಲ್ಲಿನ ದೊಡ್ಡ ಕ್ಲಬ್ಬುಗಳು ಕಣ್ಣೆತ್ತಿ ನೋಡಲಿಲ್ಲ. ಮಲೇಷ್ಯಾದ ತಂಡವೊಂದು ಕರೆಯಿತು, ಬಂದರು. ಮಂಡಿ ಕೈಕೊಟ್ಟ ಮೇಲೆ ಅದೇ ತಂಡಕ್ಕೆ ಮ್ಯಾನೇಜರ್ ಆದರು. ಗೆದ್ದಾಗ ಹೆಗಲ ಮೇಲೆ ಹೊತ್ತವರೇ ಸೋತಾಗ ಬಾಗಿಲು ತೋರಿಸಿದರು. ಮರುವರ್ಷ ತಂಡ ಮುಳುಗುವ ಹೊತ್ತಿಗೆ ನಾಚಿಕೆಬಿಟ್ಟು ಮತ್ತೆ ಕರೆದರು. ಇವರು ಹೋದರು!

ಈ ಕಥೆ ಕೇಳಿದಾಗ ಹೆಂಡತಿ ಭಾನುಮತಿಯ ತಮ್ಮ ಗಂಗಾಧರ ಕೆರಳಿದ್ದ. ಅವನಿಗೆ ಮೈಸೂರಿನಲ್ಲಿ ಟಯರ್ ಅಂಗಡಿ, ಮೂಗಿನ ತುದಿಯಲ್ಲಿ ಕೋಪ.

"ನಾನಾಗಿದ್ರೆ ಮುಖಕ್ಕೆ ಉಗೀತಿದ್ದೆ ಭಾವ!"

"ಹುಡುಗರು ಏನು ಮಾಡಿದ್ರು ಗಂಗಾ? ಆಟ ಆಡೋರು ಅವರು, ಬಾಸ್ ಅಲ್ಲ ಲಾ," ಎಂದಿದ್ದರು ಡೂಗಲ್, ಮಲೇಷ್ಯಾದವರಂತೆ ಕೊನೆಗೊಂದು 'ಲಾ' ಸೇರಿಸಿ. ಭಾನುಮತಿಯ ಜೊತೆ ಬಾಳಿ ಬಾಳಿ ಅವರಿಗೆ ಅಷ್ಟು ಕನ್ನಡ ಬರುತ್ತಿತ್ತು. ಪರಂಗಿಯವನನ್ನು ಕಟ್ಟಿಕೊಂಡಳೆಂದು ಅಕ್ಕನ ಮದುವೆಗೇ ಬಾರದಿದ್ದವನು ಗಂಗಾಧರ. ಆ ದಿನದಿಂದ ಭಾವನ ಮುಂದೆ ದನಿ ತಗ್ಗಿಸಿ ಮಾತಾಡತೊಡಗಿದ.

ಅವನು ಕೌಲಾಲಂಪುರದ ಮಾಂಟ್ ಕಿಯಾರಾ ಬಡಾವಣೆಗೆ ಅಕ್ಕನ ಮನೆಗೆಂದು ಬಂದದ್ದು ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ. ನಾಲ್ಕು ದಿನ ಇದ್ದು ಹೋಗೋಣವೆಂದರೆ ಕೊರೋನಾ ಬಂತು, ವಿಮಾನ ನಿಂತಿತು. ಆಟಗಳೂ ನಿಂತವು. ಅಷ್ಟರಲ್ಲಿ ಡೂಗಲ್ ಮ್ಯಾನೇಜರಿಕೆ ಬಿಟ್ಟು, ಟೀವಿಯಲ್ಲಿ ಕೂತು ಪಂದ್ಯ ವಿಶ್ಲೇಷಣೆ ಮಾಡುವವರಾಗಿದ್ದರು. ಭಾನುಮತಿಯನ್ನು ಅವಳ ಸಾಫ್ಟ್‌ವೇರ್ ಕಂಪನಿ ಕೆಲಸದಿಂದ ತೆಗೆದು ಮನೆಗೆ ಕಳಿಸಿತ್ತು. ಇಡೀ ಸಂಸಾರದ ವೀಸಾ ಈಗ ಡೂಗಲ್‌ರ ಕೆಲಸಕ್ಕೇ ಜೋತುಬಿದ್ದಿತ್ತು.

ಆಗಸ್ಟಿನಲ್ಲಿ ಆಟ ಮತ್ತೆ ಶುರುವಾಗುವುದೆಂದಾಯಿತು. ಚಾನೆಲ್ಲಿನವರು ಕಡ್ಡಿ ಮುರಿದಂತೆ ಹೇಳಿದರು: ಇಬ್ಬರು ವಿಶ್ಲೇಷಕರಲ್ಲಿ ಒಬ್ಬರೇ ಉಳಿಯುವುದು, ಮೊದಲ ಪಂದ್ಯ ನೋಡಿ ತೀರ್ಮಾನ. ಕೊರೋನಾ ಕಾರಣ ಸ್ಟುಡಿಯೋದಲ್ಲಿ ಇನ್ನೊಬ್ಬರಿಗಷ್ಟೇ ಜಾಗ, ಡೂಗಲ್ ಮಾತಾಡಬೇಕಾದದ್ದು ಮನೆಯಿಂದಲೇ. ಅವರ ಆಳುಗಳು ಬಂದು ಹಾಲಿನ ಮೂಲೆಯಲ್ಲಿ, ಇಂಟರ್ನೆಟ್ ವೈರು ಬರುವ ಜಾಗದಲ್ಲಿ, ಮೇಜು ಹಾಕಿ, ಬಿಳಿ ಬಟ್ಟೆ ಹೊದಿಸಿ, ದುಂಡನೆಯ ದೀಪ ನಿಲ್ಲಿಸಿ ಹೋದರು. ಹಿಂದೆ ಬರೀ ಗೋಡೆ ಕಾಣಬೇಕು, ಬೇರೇನೂ ಕಾಣಕೂಡದು ಎಂದು ಕಟ್ಟಪ್ಪಣೆ.

ರಾತ್ರಿ ಗಂಗಾಧರ ಮಲಗಿದ ಮೇಲೆ ಅವರು ಬಂದು ಹೋದದ್ದು, ಅವನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಗಣೇಶನ ಹಬ್ಬದ ಬೆಳಿಗ್ಗೆ ಎದ್ದು ನೋಡಿದರೆ ಬಿಳಿ ಬಟ್ಟೆಯ ಪೀಠ, ಮೇಲೆ ದೀಪ! ಅಕ್ಕ ಎಷ್ಟು ಚೆನ್ನಾಗಿ ಮಂಟಪ ಮಾಡಿದ್ದಾಳೆಂದು ಕಣ್ಣು ತುಂಬಿ ಬಂತು. ಅಕ್ಕ ಭಾವ ಹೂವು ತರಲು ಹೋಗಿದ್ದರು. ಬಾಲ್ಕನಿಯ ಕುಂಡದ ಮಣ್ಣಿನಲ್ಲಿ ತಾನೇ ಮಾಡಿದ್ದ ಗಣಪನನ್ನು ತಂದು ಕೂರಿಸಿ, ಐದು ದಿನ ಇಡುತ್ತೇನೆಂದು ಸಂಕಲ್ಪ ಮಾಡಿ, ಆರತಿ ಎತ್ತಿಯೇಬಿಟ್ಟ.

ಕೋಣೆಯಿಂದ ಹೊರಬಂದ ಅಕ್ಕನ ಮಗಳು ವಿಸ್ಮಯಾ ಬಾಯಿ ಮುಚ್ಚಿಕೊಂಡಳು. "ಮಾಮಾ! ದಟ್ಸ್ ಡ್ಯಾಡ್ಸ್ ಸ್ಟುಡಿಯೋ!"

ಭಾನುಮತಿ ಬಂದವಳೇ ಹೂವಿನ ಚೀಲ ಕೆಳಗೆ ಹಾಕಿದಳು. "ಲೋ ಗಂಗಾ, ತಲೇಲಿ ಏನು ತುಂಬ್ಕೊಂಡಿದೀಯೋ? ನಾಡಿದ್ದೇ ಮ್ಯಾಚು! ಐದು ದಿನ ಅಂತ ಸಂಕಲ್ಪ ಬೇರೆ ಮಾಡಿದೀಯ!"

"ನಂಗೇನು ಕನಸು ಬಿದ್ದಿತ್ತಾ? ಹೇಳಬೇಕಿತ್ತು ನೀನು!" ಎಂದು ಅವನೂ ಗದರಿದ. ಆದರೆ ಭಾವನ ಕಡೆ ತಿರುಗಿ ದನಿ ತಗ್ಗಿಸಿದ. ಪೂಜೆಯಾದ ಗಣಪನನ್ನು ವಿಸರ್ಜನೆಗೆ ಮುಂಚೆ ಕದಲಿಸುವಂತಿಲ್ಲ. "ಭಾವ, ತಪ್ಪು ನಂದು. ಪಾಪ ನನಗೇ ಬರಲಿ, ತೆಗೆದುಬಿಡ್ತೀನಿ."

ಡೂಗಲ್ ಗಣಪನನ್ನು ಬಗ್ಗಿ ನೋಡಿದರು. ಸೊಂಡಿಲು ಸ್ವಲ್ಪ ಸೊಟ್ಟಗಿತ್ತು.

"ಬೇಡ. ಕೂತಿದಾರೆ. ತಪ್ಪು ಮಾಡದ ಪ್ಲೇಯರನ್ನ ನಾನು ಅರ್ಧ ಆಟದಲ್ಲಿ ಹೊರಗೆ ಕಳಿಸಿಲ್ಲ, ಇವರನ್ನ ಎಬ್ಬಿಸ್ತೀನಾ? ಬೇರೆ ಬರೀ ಗೋಡೆ ಇರೋದು ಕಿಚನ್‌ನಲ್ಲೇ, ನಾನು ಅಲ್ಲಿಗೆ ಹೋಗ್ತೀನಿ."

"ಅಲ್ಲಿ ಸಿಗ್ನಲ್ಲೇ ಬರಲ್ಲರೀ!" ಎಂದಳು ಭಾನುಮತಿ. "ಕೆಲಸ ಹೋದ್ರೆ ಈ ಮನೆ ಖಾಲಿ ಮಾಡಬೇಕು, ಗೊತ್ತಾ?"

"ಗೊತ್ತು," ಎಂದರು ಡೂಗಲ್.

ಪಂದ್ಯದ ದಿನ ಅವರು ಕೋಟು ಹಾಕಿಕೊಂಡು ಅಡುಗೆಮನೆಯಲ್ಲಿ ಕೂತರು. ಅಕ್ಕಿ ಡಬ್ಬದ ಮೇಲೆ ಫೋನು. ಹಾಲಿನ ಟೀವಿಯಲ್ಲಿ ಖಾಲಿ ಕ್ರೀಡಾಂಗಣದ ಆಟ ಬಾಗಿಲಿನಿಂದ ಕಾಣುತ್ತಿತ್ತು. ಎಳೆಯ ಫಾರ್ವರ್ಡ್ ಒಬ್ಬ ತೆರೆದ ಗೋಲಿನ ಎದುರು ಚೆಂಡನ್ನು ಆಕಾಶಕ್ಕೆ ಒದ್ದ. ವಿರಾಮದಲ್ಲಿ ಸ್ಟುಡಿಯೋದಲ್ಲಿದ್ದ ಇನ್ನೊಬ್ಬ ವಿಶ್ಲೇಷಕ ಬಿದ್ದು ಬಿದ್ದು ನಕ್ಕ. ಡೂಗಲ್‌ರ ಸರದಿ ಬಂದ ಕ್ಷಣಕ್ಕೇ ಚಿತ್ರ ಹೆಪ್ಪುಗಟ್ಟಿತು. ಟೀವಿಯಲ್ಲಿ ಅವರ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ಗಂಗಾಧರ ಗಣಪನ ಕಡೆ ತಿರುಗಿ ಕೈಮುಗಿದ.

ದನಿ ಮಾತ್ರ ನಿಲ್ಲಲಿಲ್ಲ. ವಿಸ್ಮಯಾ ಮೆಲ್ಲಗೆ ಮಾಮನಿಗೆ ಅರ್ಥ ಹೇಳುತ್ತಾ ಹೋದಳು. ನನ್ನ ಮುಖ ಬಿಡಿ, ಆ ಚೂರು ಇನ್ನೊಮ್ಮೆ ಹಾಕಿ, ಕಿವಿಯಿಂದ ನೋಡಿ ಎಂದರು ಡೂಗಲ್. ಜನವಿಲ್ಲದ ಮೈದಾನದಲ್ಲಿ ಆಟಗಾರರ ಕೂಗು ಸ್ಪಷ್ಟವಾಗಿ ಕೇಳಿಸಿತು. ಡೂಗಲ್ ಬಿಡಿಸಿ ಹೇಳಿದರು: ಹಿಂದಿದ್ದ ಜೊತೆಯಾಟಗಾರ 'ಸಮಯ ಇದೆ' ಎಂದು ಕೂಗಬೇಕಿತ್ತು, ಕೂಗಲಿಲ್ಲ. ಹುಡುಗ ಹೆದರಿ ಅವಸರದಲ್ಲಿ ಒದ್ದ. ಅಷ್ಟು ದೂರ ಓಡಿ ಅಲ್ಲಿಗೆ ಮುಟ್ಟಿದ್ದು ಅವನೊಬ್ಬನೇ, ಮುಟ್ಟದವರು ನಗಬಾರದು. ಸ್ಟುಡಿಯೋದವನ ನಗು ನಿಂತುಹೋಯಿತು. ಟೀವಿಯವರು ಆ ಚೂರನ್ನು ಮತ್ತೆರಡು ಸಲ ಹಾಕಿದರು.

ಮರುದಿನ ಚಾನೆಲ್ಲಿನಿಂದ ಫೋನು ಬಂತು. ಮನೆಯವರೆಲ್ಲ ಸುತ್ತ ನೆರೆದರು. ತೆರೆಯ ಮೇಲಿನ ಕುರ್ಚಿ ಇನ್ನೊಬ್ಬನಿಗೆ ಹೋಯಿತು. ಡೂಗಲ್‌ಗೆ ಕಾಮೆಂಟರಿಯವನ ಪಕ್ಕ ಕೂತು ದನಿ ಕೊಡುವ ಕೆಲಸ. ಸಂಬಳ ಕಡಿಮೆ, ಆದರೆ ಪೂರ್ತಿ ಸೀಸನ್ನು.

"ಅನ್ಯಾಯ!" ಗಂಗಾಧರ ಗುಡುಗಿದ. "ಆ ನಗೋ ನನ್ಮಗನಿಗೆ ಕುರ್ಚಿ, ನಮ್ಮ ಭಾವಂಗೆ ಮೂಲೆ! ನಂಬರ್ ಕೊಡಿ, ನಾನು ಮಾತಾಡ್ತೀನಿ."

"ಕನ್ನಡದಲ್ಲಿ ಬೈತೀಯಾ?" ಡೂಗಲ್ ಕುರ್ಚಿಯ ಮೇಲಿದ್ದ ಪಂದ್ಯದ ಕೋಟನ್ನು ತೆಗೆದು ಭಾನುಮತಿಯ ಕೈಗೆ ಕೊಟ್ಟರು. "ವೀಸಾ ಉಳೀತು ಗಂಗಾ. ವಿಸ್ಮಯಾ ಕಾಲೇಜು ಇಲ್ಲೇ. ಸಾಕು. ಮಾಸ್ಕ್ ಹಾಕ್ಕೋ, ಕೆಳಗೆ ಮಾಮಕ್ ಹೋಟೆಲಲ್ಲಿ ರೊಟ್ಟಿ ತಿನ್ನೋಣ."

ಲಿಫ್ಟು ಕೆಳಗಿಳಿಯುವವರೆಗೂ ಗಂಗಾಧರ ಮಾಸ್ಕಿನೊಳಗೇ ಬೈಯುತ್ತಿದ್ದ. ಡೂಗಲ್ ತಲೆದೂಗುತ್ತಾ, ನಡುನಡುವೆ ಒಂದೊಂದು ಬೈಗುಳಕ್ಕೆ ಅರ್ಥ ಕೇಳಿಕೊಳ್ಳುತ್ತಿದ್ದರು.