ಎದುರಾಳಿ ಜರ್ಸಿಗೆ ಒಂದು ಚಪ್ಪಾಳೆ

ಡಾಕ್ಟರ್ ಆಂಟಿಯ ಬಲಗೈಯ ಕಿರುಬೆರಳು ಉಳಿದ ನಾಲ್ಕರ ಜೊತೆ ಸೇರುತ್ತಿರಲಿಲ್ಲ. ನಡುಗೆಣ್ಣಿನಲ್ಲಿ ಹೊರಕ್ಕೆ ಬಾಗಿ, ಜಗಳವಾಡಿ ಬೇರೆ ಮನೆ ಮಾಡಿಕೊಂಡ ಓರಗಿತ್ತಿಯ ಹಾಗೆ ದೂರ ನಿಂತಿರುತ್ತಿತ್ತು. ಚಹಾದ ಕಪ್ಪು ಎತ್ತುವಾಗ, ಕಾರಿನ ಸ್ಟಿಯರಿಂಗ್ ಹಿಡಿಯುವಾಗ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಅದೇ.

"ಧಾರವಾಡದಾಗ ಬಾಸ್ಕೆಟ್‌ಬಾಲ್ ಆಡುವಾಗ ಮುರೀತು. ಮ್ಯಾಚ್ ನಡದಿತ್ತು, ಯಾರಿಗೂ ತೋರಿಸ್ಲಿಲ್ಲ," ಎನ್ನುತ್ತಿದ್ದರು. "ಮುಂದ ಡಾಕ್ಟರ್ ಆದ ಮ್ಯಾಲರೆ ಸರಿ ಮಾಡಿಸ್ಕೋಬಹುದಿತ್ತು. ಇರ್ಲಿ ಅಂತ ಬಿಟ್ಟೆ."

ನಾನು ಮೈಸೂರಿನಿಂದ ಅಮೆರಿಕದ ಪಾರ್ಸಿಪನಿಗೆ ಬಂದ ಹೊಸದು. ನನ್ನವರು ಬೆಳಿಗ್ಗೆ ಕಾರು ತೆಗೆದುಕೊಂಡು ಆಫೀಸಿಗೆ ಹೋದರೆ, ಅಪಾರ್ಟ್‌ಮೆಂಟಿನಲ್ಲಿ ನಾನೊಬ್ಬಳೇ. ನನ್ನದು ಡಿಪೆಂಡೆಂಟ್ ವೀಸಾ, ಕೆಲಸ ಮಾಡುವ ಹಾಗಿಲ್ಲ. ಊರಿನಲ್ಲಿ ಏಳು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದ್ದವಳು ಇಲ್ಲಿ ಕಿಟಕಿಯ ಬಳಿ ಕೂತು ಹೆದ್ದಾರಿಯ ಸದ್ದು ಕೇಳುತ್ತಿದ್ದೆ. ಒಂದು ಭಾನುವಾರ ಮಧ್ಯಾಹ್ನ ಕೆಳಗಿನ ಮನೆಯಿಂದ ಹೆಂಗಸೊಬ್ಬರು ಕೂಗಿಕೊಂಡದ್ದು ಕೇಳಿಸಿತು. "ಪಾಸ್ ಕೊಡೋ ಮಂಗ್ಯಾ! ಪಾಸ್ ಕೊಡೋ!"

ಕನ್ನಡ! ಯಾರಿಗೋ ಏನೋ ಆಗಿದೆಯೆಂದು ಮೆಟ್ಟಿಲಿಳಿದು ಓಡಿದೆ. ಬಾಗಿಲು ತೆರೆದವರು ಬಾಗಿಲಷ್ಟೇ ಎತ್ತರದ, ಬೆಳ್ಳಿಗೂದಲ ಹೆಂಗಸು. ಹಿಂದೆ ಟಿ.ವಿ.ಯಲ್ಲಿ ಬಾಸ್ಕೆಟ್‌ಬಾಲ್ ನಡೆಯುತ್ತಿತ್ತು.

"ಕನ್ನಡ ಬರ್ತದೇನವಾ? ಹಂಗಾರ ಬಾ ಒಳಗ, ಕುಂದ್ರು. ಇನ್ನ ಆರು ನಿಮಿಷ ಐತಿ. ಆಮ್ಯಾಲೆ ಹೆಸರು ಕೇಳ್ತೀನಿ."

ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದು ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ದೊಡ್ಡ ಮನೆ ಮಾರಿ ಇಲ್ಲಿಗೆ ಬಂದಿದ್ದರು. ಮಗಳು ಶಿಕಾಗೋದಲ್ಲಿದ್ದಳು. "ಜನ್ಮಾ ಪೂರಾ ಮಂದಿನ್ನ ಮಲಗಿಸೋ ಕೆಲಸಾ ಮಾಡೀನಿ," ಎಂದು ನಗುತ್ತಿದ್ದರು. "ಅದಕ್ಕ ಈಗ ಎಬ್ಬಸೋ ಆಟ ನೋಡ್ತೀನಿ."

ನನಗೆ ಆಟ ತಿಳಿಸಿದವರು ಅವರು. ಚೆಂಡಿದ್ದವನನ್ನು ನೋಡಬೇಡ, ಇಲ್ಲದವನು ಎಲ್ಲಿಗೆ ಓಡುತ್ತಾನೆ ನೋಡು ಎಂದರು. ಕಾರು ಕಲಿಸಿದವರೂ ಅವರೇ. ಭಾನುವಾರ ಬೆಳಿಗ್ಗೆ ಖಾಲಿ ಬಿದ್ದಿರುತ್ತಿದ್ದ ಆಫೀಸುಗಳ ಪಾರ್ಕಿಂಗ್ ಲಾಟಿನಲ್ಲಿ ನಾನು ನಡುಗುತ್ತಾ ಬ್ರೇಕ್ ತುಳಿದರೆ, "ಅಂಜಿಕಿ ಬಂದ್ರ ಅಂಜು. ಗಾಡಿ ಯಾಕ ನಿಂದ್ರಸ್ತಿ?" ಎನ್ನುತ್ತಿದ್ದರು. ಮುಂದೆ ನನ್ನ ವರ್ಕ್ ಪರ್ಮಿಟ್ ಬಂದು, ಇಂಟರ್‌ವ್ಯೂಗೆ ಹೋಗಲು ಅಳುಕಿ ಅವರ ಸೋಫಾದಲ್ಲಿ ಕೂತಾಗ ಟಿ.ವಿ. ಆರಿಸಿದರು. ಆಟದ ನಡುವೆ ಅವರು ಟಿ.ವಿ. ಆರಿಸಿದ್ದನ್ನು ನಾನು ಮತ್ತೆಂದೂ ಕಂಡಿಲ್ಲ. "ಬೆಂಚಿನ ಮ್ಯಾಲೆ ಕುಂತಾಕಿ ಆಟ ಮರತಿರಂಗಿಲ್ಲವಾ. ಒಳಗ ಹೋದ್ರ ಕೈಗೆ ನೆನಪಾಗ್ತೈತಿ," ಎಂದರು. ಆ ಕೆಲಸ ನನಗೆ ಸಿಕ್ಕಿತು.

ನಮ್ಮ ಗುಂಪಿನ ಮೂರನೆಯವರು ಹೋಟೆಲ್ ಅಂಕಲ್. ಉಡುಪಿ ಕಡೆಯವರು. ಹೆದ್ದಾರಿಯ ಪಕ್ಕದಲ್ಲಿ ಸಣ್ಣದೊಂದು ಹೋಟೆಲು ನಡೆಸುತ್ತಿದ್ದರು. ಭಾನುವಾರ ಊಟದ ಗಿರಾಕಿಗಳು ಹೋದ ಮೇಲೆ ಹಿಂದಿನ ಟೇಬಲ್ಲು ನಮ್ಮದು. ನಾವು ಬೆಂಬಲಿಸುತ್ತಿದ್ದ ಇಲ್ಲಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಒಬ್ಬ ಹುಡುಗನಿದ್ದ. ಹತ್ತೊಂಬತ್ತಕ್ಕೇ ಬಂದವನು, ಕಡ್ಡಿಯಂಥ ಕಾಲು. ಮೊದಲ ವರ್ಷ ಚೆಂಡು ಕೈಯಲ್ಲಿ ನಿಲ್ಲುತ್ತಿರಲಿಲ್ಲ. ನಾಲ್ಕನೆಯ ವರ್ಷ ಅವನನ್ನು ತಡೆಯುವವರು ಇರಲಿಲ್ಲ. ಅವನ ಜರ್ಸಿಯೊಂದನ್ನು ಅಂಕಲ್ ಗಲ್ಲಾಪೆಟ್ಟಿಗೆಯ ಹಿಂದೆ, ದೇವರ ಪಟದ ಕೆಳಗೇ ತೂಗುಹಾಕಿದ್ದರು.

ಆ ಬೇಸಿಗೆಯಲ್ಲಿ ಹುಡುಗನ ಮೊದಲ ಕಾಂಟ್ರಾಕ್ಟ್ ಮುಗಿಯಿತು. ಅವನೀಗ ಯಾವ ತಂಡದ ಜೊತೆಗಾದರೂ ಮಾತಾಡಬಹುದು. ಆದರೆ ಬೇರೆಯವರು ಏನು ಕೊಡುತ್ತೇನೆಂದರೂ ಅಷ್ಟನ್ನೇ ಕೊಟ್ಟು ಅವನನ್ನು ಉಳಿಸಿಕೊಳ್ಳುವ ಹಕ್ಕು ಹಳೆಯ ತಂಡಕ್ಕೆ ಇರುತ್ತದೆ. ದಿನಕ್ಕೊಂದು ಗಾಳಿಸುದ್ದಿ. ಅಂಕಲ್ ಸಾಂಬಾರಿನ ಸೌಟು ಒಂದು ಕೈಯಲ್ಲಿ, ಫೋನು ಇನ್ನೊಂದು ಕೈಯಲ್ಲಿ ಹಿಡಿದು ಓಡಾಡಿದರು.

"ಎಂತ ಡಾಕ್ಟ್ರೇ ಇದು? ವೆಸ್ಟ್ ಕೋಸ್ಟಿನವರ ಜೊತೆ ಮಾತಾಡ್ತಾ ಇದ್ದಾನಂತೆ! ನಾಲ್ಕು ವರ್ಷ ಕಾದು ಬೆಳೆಸಿದ್ದು ನಾವು ಮಾರಾಯ್ರೆ. ಕಲಿತ ಮೇಲೆ ಬೇರೆಯವರ ಮನೆಗೆ ಹೋಗುದಾ?"

"ನಾವೇನು ಬೆಳಸೀವ್ರಿ ಸಾವ್ಕಾರ್ರ? ಸೋಫಾದ ಮ್ಯಾಲೆ ಕುಂತು ಚಕ್ಕಲಿ ತಿಂದೀವಿ."

"ಟೀಮ್ ಬೆಳೆಸಿತಲ್ಲ? ನಿಯತ್ತು ಅಂತ ಒಂದು ಬೇಡವಾ?"

"ನೀವು ಮುಂಬೈದಾಗ ಇನ್ನೊಬ್ರ ಹೊಟೇಲಿನ್ಯಾಗ ದ್ವಾಶಿ ಹಾಕೋದು ಕಲ್ತೀರಿ. ಅಲ್ಲೇ ಇದ್ರೇನು?"

ಅಂಕಲ್ ಮುಖ ಕೆಂಪಾಯಿತು. "ಅದು ಬೇರೆ ವಿಷಯ. ನಮ್ಮ ಧಣಿಗಳು ಹೋಗು ಅಂತ ತಲೆ ಮೇಲೆ ಕೈ ಇಟ್ಟು ಕಳಿಸಿದ್ರು."

ಆಂಟಿ ಎತ್ತಿದ್ದ ಕಪ್ಪನ್ನು ಕುಡಿಯದೆ ಕೆಳಗಿಟ್ಟರು.

"ನೀವು ಪುಣ್ಯಾ ಮಾಡಿದ್ರಿ," ಎಂದರು. "ನನಗ ಆಟ ಕಲಿಸಿದ ಸರ್ ಇದ್ರು. ನಾ ಸಾಲ್ಯಾಗ ಎಂಟನೇತ್ತಾ ಇದ್ದಾಗಿಂದ. ಮುಂಜಾನೆ ನಾವು ಹೋಗೋದ್ರಾಗ ತಾವೇ ಕೋರ್ಟಿನ ಕಸಾ ಹೊಡದು, ಸುಣ್ಣದ ಗೆರಿ ಎಳದಿರ್ತಿದ್ರು. ರಾಜ್ಯದ ಟೀಮಿನ ಕ್ಯಾಂಪಿಗೆ ನನ್ನ ಹೆಸರು ಬಂತು. ಅದೇ ಹೊತ್ತಿಗೆ ಬ್ಯಾರೆ ಊರಾಗ ಮೆಡಿಕಲ್ ಸೀಟೂ ಸಿಕ್ತು. ನಾ ಸೀಟ್ ತಗೊಂಡೆ. ಹೇಳಿ ಬರೋಣ ಅಂತ ಸರ್ ಮನೀಗೆ ಹೋದೆ. ಒಳಗ ಇದ್ರು. ಇಲ್ಲ ಅಂತ ಹೇಳಿ ಕಳಸು ಅಂತ ಹೆಂಡತಿಗೆ ಹೇಳಿದ್ದು ನನಗ ಕೇಳಿಸ್ತು."

"ಆಮೇಲೆ?" ಎಂದೆ.

"ಆಮ್ಯಾಲೆ ಏನು? ಬಂದೆ. ಮುಂದಿನ ಸಲ ಊರಿಗೆ ಹೋಗೋದ್ರಾಗ ಅವರು ತೀರ್ಕೊಂಡಿದ್ರು. ನಾ ಮಾಡಿದ್ದು ತಪ್ಪು ಅಂತ ನನಗ ಇವತ್ತಿಗೂ ಅನಸಿಲ್ಲವಾ. ಆದ್ರ ಆ ಬಾಗಲದಾಗ ನಿಂತದ್ದು ಮರಿಯಾಕ ಆಗಿಲ್ಲ."

ಅಂಕಲ್ ಎದ್ದು, "ಕಾಫಿ ತರ್ತೇನೆ," ಎಂದು ಒಳಗೆ ಹೋದರು. ನಮ್ಮ ಕಪ್ಪುಗಳು ಇನ್ನೂ ತುಂಬಿಯೇ ಇದ್ದವು.

ಹುಡುಗ ವೆಸ್ಟ್ ಕೋಸ್ಟಿನ ತಂಡದ ಕರಾರಿಗೆ ಒಪ್ಪಿಕೊಂಡ. ಉಳಿಸಿಕೊಳ್ಳಲು ನಮ್ಮ ತಂಡಕ್ಕಿದ್ದ ಗಡುವು ಸುಮ್ಮನೆ ದಾಟಿಹೋಯಿತು. ಅವನು ಬಿಟ್ಟನೋ ಇವರೇ ಬಿಟ್ಟುಕೊಟ್ಟರೋ, ಬೈಗುಳವೆಲ್ಲ ಅವನಿಗೇ ಬಿತ್ತು. ಅಂಕಲ್ ಜರ್ಸಿ ಇಳಿಸಿದರು. ಗೋಡೆಯ ಮೇಲೆ ಆ ಜಾಗ ಮಾತ್ರ ಮಸಿಯಿಲ್ಲದೆ ಬೆಳ್ಳಗೆ ಉಳಿಯಿತು.

ಚಳಿಗಾಲದಲ್ಲಿ ಅವನ ಹೊಸ ತಂಡ ಇಲ್ಲಿಗೆ ಆಡಲು ಬಂತು. ಭಾನುವಾರ ಮಧ್ಯಾಹ್ನದ ಆಟ. ಆಂಟಿ ಮೂರು ಟಿಕೆಟ್ ತಂದರು. "ನಾನು ಬರುದಿಲ್ಲ," ಎಂದ ಅಂಕಲ್ ರೈಲು ಹೊರಡುವ ಹೊತ್ತಿಗೆ ಕೋಡುಬಳೆಯ ಪೊಟ್ಟಣದ ಸಮೇತ ಸ್ಟೇಷನ್ನಿನಲ್ಲಿ ನಿಂತಿದ್ದರು. ನಮ್ಮ ಸೀಟುಗಳು ಚಾವಣಿಗೆ ಹತ್ತಿರವಾಗಿ, ತೀರ ಮೇಲಿದ್ದವು. ಆಟಗಾರರು ಕೆಳಗೆ ಬೆಂಕಿಕಡ್ಡಿಯಷ್ಟು ಕಾಣುತ್ತಿದ್ದರು.

ಮೈಕಿನಲ್ಲಿ ಅವನ ಹೆಸರು ಬಂದದ್ದೇ ತಡ, ಇಡೀ ಅಂಗಣ "ಬೂ" ಎಂದು ಕೂಗಿತು. ಸಾವಿರಾರು ಗಂಟಲು ಒಟ್ಟಿಗೆ ಒಬ್ಬ ಹುಡುಗನ ಮೇಲೆ ಬಿದ್ದವು. ಅವನು ತಲೆ ತಗ್ಗಿಸಿ ಶೂ ಲೇಸು ಸರಿಮಾಡಿಕೊಳ್ಳುತ್ತಿದ್ದ.

ಆಂಟಿ ಎದ್ದು ನಿಂತರು. ಎತ್ತರದ ಮೈ, ಕಡುನೀಲಿ ಕೋಟು, ಮಂಡಿನೋವಿಗೆ ಒಂದು ಕೈ ಮುಂದಿನ ಸೀಟಿನ ಮೇಲೆ. ಆಮೇಲೆ ಆ ಕೈಯನ್ನೂ ಬಿಟ್ಟು ಚಪ್ಪಾಳೆ ತಟ್ಟತೊಡಗಿದರು. ನಮ್ಮ ಸಾಲಿನಲ್ಲಿ ಎಲ್ಲರೂ ತಿರುಗಿ ನೋಡಿದರು.

"ಚಲೋತ್ನಾಗಿ ಆಡಪಾ! ಚಲೋತ್ನಾಗಿ ಆಡು!"

ಹಿಂದಿನಿಂದ ಒಬ್ಬ, "ಲೇಡಿ, ಸಿಟ್ ಡೌನ್!" ಎಂದು ಅರಚಿದ. ಆಂಟಿ ತಿರುಗಲಿಲ್ಲ. ಮತ್ತೆ ಕೂಗಿದ. ಆಗ ಅಂಕಲ್ ಎದ್ದರು. ಆಂಟಿಯ ಹಿಂದೆ, ಆ ಮನುಷ್ಯನಿಗೆ ಅಡ್ಡವಾಗಿ ನಿಂತು, ಎರಡೂ ಕೈ ಜಾಕೆಟ್ಟಿನ ಜೇಬಿಗೆ ಹಾಕಿಕೊಂಡರು. ಚಪ್ಪಾಳೆ ತಟ್ಟಲಿಲ್ಲ.

"ಅವನಿಗಾಗಿ ಅಲ್ಲ ಡಾಕ್ಟ್ರೇ, ನಿಮಗಾಗಿ ನಿಂತದ್ದು," ಎಂದರು.

"ನಿಂದರ್ರಿ ಸಾವ್ಕಾರ್ರ. ನಿಂತ್ರ ಸಾಕು."

ನಾನೂ ಎದ್ದೆ. ಅಷ್ಟು ಎತ್ತರದಿಂದ ನಮ್ಮ ಚಪ್ಪಾಳೆ ಅವನಿಗೆ ಕೇಳಿಸಿರಲು ಸಾಧ್ಯವಿರಲಿಲ್ಲ. ಅಂದು ಅವನು ಚೆನ್ನಾಗಿ ಆಡಿದ, ನಾವು ಸೋತೆವು. ರೈಲಿನಲ್ಲಿ ಆಂಟಿ ಕೋಡುಬಳೆ ತಿನ್ನುತ್ತಾ ಆಟದ ಮೂರನೆಯ ಕ್ವಾರ್ಟರಿನಲ್ಲಿ ನಮ್ಮವರು ಮಾಡಿದ ತಪ್ಪುಗಳನ್ನು ಸಿಟ್ಟಿನಿಂದ ಹೇಳುತ್ತಲೇ ಇದ್ದರು. ಅವರು ಪಕ್ಷ ಬದಲಿಸಿರಲಿಲ್ಲ.

ಮರುವರ್ಷ ಆಂಟಿಯ ಹೃದಯದ ಕವಾಟಕ್ಕೆ ಆಪರೇಷನ್ ಆಯಿತು. ಚೇತರಿಸಿಕೊಳ್ಳುತ್ತಿದ್ದಾರೆ ಎನ್ನುವಾಗ ಶ್ವಾಸಕೋಶಕ್ಕೆ ಸೋಂಕು ತಗುಲಿತು. ನಾನು ಕೊನೆಯ ಸಲ ನೋಡಿದಾಗ ಮಗಳು ದಿಂಬು ಎತ್ತರಿಸುತ್ತಿದ್ದಳು. ಆಂಟಿ ಆಮ್ಲಜನಕದ ಮಾಸ್ಕ್ ಸರಿಸಿ, "ಆಫೀಸಿಗೆ ರಜಾ ಹಾಕಿ ಬಂದಿಯೇನು? ಯಾರು ಹೇಳಿದ್ರು ನಿನಗ?" ಎಂದು ಬೈದರು. ಎರಡು ದಿನಕ್ಕೆ ಹೋಗಿಬಿಟ್ಟರು. ಫ್ಯೂನರಲ್ ಹೋಮಿನಲ್ಲಿ ಅಂಕಲ್ ಯಾರೊಂದಿಗೂ ಮಾತಾಡದೆ, ಬಂದವರಿಗೆಲ್ಲ ತಾವೇ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಡುತ್ತಿದ್ದರು.

ಕೆಳಗಿನ ಮನೆಗೆ ಈಗ ತೆಲುಗು ದಂಪತಿ ಬಂದಿದ್ದಾರೆ. ನಾನು ಒಬ್ಬಳೇ ಆಟ ನೋಡುತ್ತೇನೆ. ಮೊನ್ನೆ ಅಮ್ಮನ ಜೊತೆ ಫೋನಿನಲ್ಲಿದ್ದಾಗ ಟಿ.ವಿ.ಯಲ್ಲಿ ನಮ್ಮ ತಂಡದವನೊಬ್ಬ ಪಾಸ್ ಕೊಡದೆ ಕೈಗೆ ಬಂದ ಅವಕಾಶ ಬಿಟ್ಟ.

ಅಮ್ಮ ಆ ಕಡೆಯಿಂದ, "ಯಾರೇ ಅದು, ನಿನ್ನ ಮನೇಲಿ ಧಾರವಾಡದೋರು ಕೂಗ್ತಿರೋದು?" ಎಂದರು.

"ನಾನೇ ಅಮ್ಮ," ಎಂದೆ.