ದನಿಯ ಗುರುತು ನಡೆಯಲಿಲ್ಲ

“ಬುರ್ಖಾ ತೆಗಿಯವಾ. ಮುಖಾ ನೋಡದ ನೀ ಅವನ ಹೇಣ್ತಿ ಅಂತ ಹ್ಯಾಂಗ ನಂಬೂದು?” ಎಂದು ರೋಣದ ಕಚೇರಿಯ ಕಾರಕೂನರು ಕೇಳಿದಾಗ ನಮ್ಮ ನೆರೆಮನೆಯ ಹುಸೇನಬಿ ನನ್ನ ಕಡೆ ತಿರುಗಿದಳು. ನರಗುಂದದ ಬಂಡಾಯ ಅಡಗಿದ ಮೇಲೆ ಬರೀ ಸಂಶಯದ ಮೇಲೆ ಹಿಡಿದೊಯ್ದಿದ್ದ ನೇಕಾರ ಗಂಡನನ್ನು ಬಿಡಿಸಿಕೊಳ್ಳಲು ಬಂದಿದ್ದಳು. ಜಾಮೀನಿಗೆ ನಾನು ನಿಂತಿದ್ದೆ.

“ಈಕೀನ ನಾ ಬಲ್ಲೆರಿ. ನಮ್ಮಿಬ್ಬರ ಹಿತ್ತಲಕ್ಕ ಒಂದ ಗ್ವಾಡಿ. ದನಿ ಕೇಳಿದ್ರ ಸಾಕು, ಗುರುತ ಹಿಡೀತೀನಿ,” ಎಂದೆ.

“ಮುಖಾ ನೋಡೀರೇನು?”

“ಇಲ್ರಿ.”

ಮಂದಿಯ ಮನೆಯ ಹೆಣ್ಣಿನ ಮುಖ ನೋಡದಿರುವುದೇ ನಮ್ಮ ಓಣಿಯ ಮರ್ಯಾದೆ. ಆ ಮರ್ಯಾದೆಯೇ ನನ್ನ ಸಾಕ್ಷಿಯನ್ನು ಕೆಡಿಸಿತು. ಯಾರ ಧರ್ಮಕ್ಕೂ ಕೈಹಾಕುವುದಿಲ್ಲವೆಂದು ವಿಲಾಯತಿಯ ರಾಣಿಯವರ ಸರ್ಕಾರ ಮೊನ್ನೆ ತಾನೇ ಡಂಗುರ ಹೊಡೆಸಿತ್ತಲ್ಲ ಎಂದು ನೆನಪಿಸಿದೆ. ಕಾರಕೂನರು ನಕ್ಕರು.

“ಧರ್ಮಕ್ಕ ಯಾರು ಕೈ ಹಚ್ಯಾರ್ರೀ? ನಾವು ಅರಿಬಿ ತೆಗಿ ಅಂದೇವಿ, ಅಷ್ಟ.”

ಗಂಡ ಮನೆಗೆ ಬಂದರೆ ಸಾಕೆಂದು ಅವಳು ಬುರ್ಖಾ ಎತ್ತಿದಳು. ನಾನು ನೆಲ ನೋಡಿದೆ. ಸಿಪಾಯಿಗಳು ಅವಳನ್ನೇ ನೋಡಿದರು. ಕಾರಕೂನರು ಎಲೆಅಡಿಕೆ ಮೆಲ್ಲುತ್ತ, “ಖರೇ ಐತಿ, ಈಕೀನ,” ಎಂದರು. ಆ ಮುಖವನ್ನು ಹಿಂದೆ ಕಂಡವರು ಅಲ್ಲಿ ಒಬ್ಬರೂ ಇರಲಿಲ್ಲ. ಅವರು ಏನು ಗುರುತು ಹಿಡಿದರೋ ನನಗೆ ಇಂದಿಗೂ ತಿಳಿಯದು.

ಗಂಡ ಬಂದ, ಮಗ್ಗ ಮತ್ತೆ ಆಡುತ್ತಿದೆ. ಆದರೆ “ಅಕ್ಕಾ, ಒಂಚೂರು ಮಜ್ಜಿಗಿ ಕೊಡ್ರಿ” ಎಂದು ಗೋಡೆಯಾಚೆಯಿಂದ ನನ್ನ ಹೆಂಡತಿಯನ್ನು ಕರೆಯುತ್ತಿದ್ದ ದನಿ ಅಂದಿನಿಂದ ಕೇಳಿಲ್ಲ.