ಬಿ.ಜಿ. ಕೆರೆಗೆ ಒಯ್ದ ಬೆಲ್ಟು

ಭಾನುವಾರ ಬೆಳಗ್ಗೆ ಚಳ್ಳಕೆರೆಯಲ್ಲಿ ಮೊಳಕಾಲ್ಮುರು ಬಸ್ಸು ಹತ್ತಿದೆ. ಚೀಲದಲ್ಲಿದ್ದದ್ದು ಒಂದು ಪೊಟ್ಟಣ ಮಂಡಕ್ಕಿ-ಮಿರ್ಚಿ, ಜೊತೆಗೆ ಜಪಾನಿನ ಟಿ.ವಿ. ವೀರನೊಬ್ಬನ ಆಟಿಕೆ ಬೆಲ್ಟು. ಬೆಲ್ಟು ನನ್ನ ಗೆಳೆಯ ಓಬಳೇಶನದು. ಅಪ್ಪ ಸತ್ತ ಸುದ್ದಿ ಬಂದ ದಿನ ಅದನ್ನು ಹಾಸ್ಟೆಲ್ ಕೋಣೆಯಲ್ಲೇ ಬಿಟ್ಟು ಹೋದವನು ಮರಳಿರಲಿಲ್ಲ. ಅಪ್ಪ ಹಟ್ಟಿಯ ದೇವರ ಪೂಜಾರಿ. ಸೋಮವಾರ ಪೂಜಾರಿಕೆಯ ಗುರುತಾದ ಆ ದೇವರ ಬೆತ್ತ ಮಗನ ಕೈಗೆ ಬರುವುದಿತ್ತು. ಹಿಡಿದರೆ ಸಾಯುವ ತನಕ ಕೂದಲು ಕತ್ತರಿಸುವಂತಿಲ್ಲ, ಹಟ್ಟಿಯ ಹೊರಗೆ ಉಣ್ಣುವಂತಿಲ್ಲ, ಹೊರಗೆ ಮಲಗುವಂತಿಲ್ಲ. ಅವನ ಅವ್ವ ಫೋನು ಮಾಡಿದ್ದರು. "ನೀನು ವಾದ ಮಾಡಿ ಕಪ್ ಗೆಲ್ಲೋನಲ್ಲೇನಪ್ಪ. ಬಂದು ಬಿಡಿಸ್ಕೊಂಡು ಹೋಗು."

ತಳಕು ದಾಟುವಷ್ಟರಲ್ಲಿ ಕಿಟಕಿಯ ಸರಳು ಕಾದಿತ್ತು. ನಾನು ವಾದ ಹೊಂದಿಸುತ್ತಿದ್ದೆ. ಆ ಬೆಲ್ಟಿನ ವೀರರ ಧಾರಾವಾಹಿಗಳನ್ನು ನಾವಿಬ್ಬರೂ ಅವನ ಫೋನಿನಲ್ಲಿ ನೋಡಿದವರು. ಸಾಮಾನ್ಯ ಹುಡುಗನೊಬ್ಬ ಬೆಲ್ಟು ಕಟ್ಟಿ ಗುಂಡಿ ಒತ್ತುತ್ತಾನೆ, ದೀಪ ಮಿನುಗುತ್ತದೆ, ಬೇರೆಯೇ ಆಗುತ್ತಾನೆ. ಶಕ್ತಿಯೆಲ್ಲ ವಸ್ತುವಿನಲ್ಲಿದ್ದರೆ ಕಟ್ಟಿಕೊಂಡವನು ಬರೀ ಗೂಟ ಎಂಬುದು ನನ್ನ ತಕರಾರು. ಓಬಳೇಶ ಒಪ್ಪುತ್ತಿರಲಿಲ್ಲ. "ಲೇ, ಕಟ್ಟೋದನ್ನೇ ನೋಡ್ತೀಯಲ್ಲ, ಬಿಚ್ಚೋದು ನೋಡು. ಬಿಚ್ಚಿ, ಹೋಗಿ ಅನ್ನ ಉಣ್ತಾನೆ. ಬೆಲ್ಟಿನ ಅರ್ಥ ಇರೋದೇ ಅಲ್ಲಿ." ಈಗ ಆ ಮಾತನ್ನೇ ಅವನ ಮೇಲೆ ತಿರುಗಿಸುವುದೆಂದುಕೊಂಡೆ. ಬೆತ್ತಕ್ಕೆ ಬಿಚ್ಚುವ ಗುಂಡಿ ಎಲ್ಲಿದೆ?

ಬಿ.ಜಿ. ಕೆರೆಯಲ್ಲಿಳಿದು ಆಟೊ ಹಿಡಿದು ಹಟ್ಟಿ ಸೇರಿದೆ. ಓಬಳೇಶ ಗುಡಿಯ ಬೇಲಿಯ ಹೊರಗೆ ಕೂತಿದ್ದ. ಪೊಟ್ಟಣ ಮೂಸಿ ನಕ್ಕ. "ಇವತ್ತೊಂದಿನ ತಿನ್ಬೋದು," ಎಂದು ಅಷ್ಟನ್ನೂ ತಿಂದ, ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ.

ನಾನು ವಾದ ಮಂಡಿಸಿದೆ. ಅವನು ಬೆಲ್ಟನ್ನು ತೊಡೆಯ ಮೇಲಿಟ್ಟು ಗುಂಡಿ ಒತ್ತುತ್ತ ಕೇಳಿದ. ಸೆಲ್ಲು ಮುಗಿದಿತ್ತು, ದೀಪ ಹತ್ತಲಿಲ್ಲ.

"ಬೆತ್ತಕ್ಕೆ ಗುಂಡಿ ಇಲ್ಲ ಕಣ್ಲೇ, ಒಪ್ಪಿದೆ. ಆದ್ರೆ ಆ ಕತೇಲಿ ಒಬ್ಬ ಬೆಲ್ಟು ಬ್ಯಾಡ ಅಂದ್ರೆ ಏನಾಗ್ತೈತೆ?"

"ಇನ್ನೊಬ್ಬನ ಸೊಂಟಕ್ಕೆ ಹೋಗ್ತೈತೆ."

"ನನ್ನ ತಮ್ಮ ಈಗ ಒಂಬತ್ತನೇ ಕ್ಲಾಸು."

"ಹಿರಿಯರ ಹತ್ರ ನಾನು ಮಾತಾಡ್ತೀನಿ."

"ಮಾತಾಡು. ಗೆಲ್ತೀಯ ಕೂಡ. ಗೆದ್ದು ಸಂಜೆ ಬಸ್ಸಿಗೆ ಹೋಗ್ತೀಯ. ನಮ್ಮವ್ವ ಇಲ್ಲೇ, ಈ ಜನದ ಜೊತೇಲೇ ನೀರು ಸೇದಬೇಕಲ್ಲ."

ಉತ್ತರಗಳಿದ್ದವು. ಆದರೆ ಅವುಗಳ ಫಲ ಉಣ್ಣಬೇಕಾದವನು ನಾನಾಗಿರಲಿಲ್ಲ. ಬೆತ್ತದಲ್ಲಿ ದೇವರಿದ್ದಾನೆಂದು ನಾನು ಈಗಲೂ ಒಪ್ಪುವುದಿಲ್ಲ. ಇದ್ದಾನೆಂದು ಓಬಳೇಶನೂ ಹೇಳಲಿಲ್ಲ.

ಅವನ ಅವ್ವ ಮಜ್ಜಿಗೆ ತಂದರು. ನನ್ನ ಮುಖ ನೋಡಿದರು. ಲೋಟ ಖಾಲಿಯಾಗುವ ತನಕ ನಿಂತಿದ್ದು ಒಳಗೆ ಹೋದರು.

ಓಬಳೇಶ ಬೆಲ್ಟನ್ನು ನನ್ನ ಚೀಲಕ್ಕೆ ತುರುಕಿದ. "ನಾಳೆಯಿಂದ ಹೆಸರು ಹಿಡಿದು ಕರೀಬ್ಯಾಡ. ಪೂಜಾರ್ರೇ ಅನ್ಬೇಕು. ನೀನೂ."

ಆಟೊ ಹೊರಟಿತು. ಅವನು ಬೇಲಿಯ ಕಡೆಗೆ ನಡೆಯುತ್ತಿದ್ದ. ನಾನು ತಲೆ ಹೊರಹಾಕಿ ಕೂಗಿದೆ.

"ಓಬಳೇಶ."

ಅವನು ತಕ್ಷಣ ತಿರುಗಿದ. "ಏನ್ಲೇ?"

"ಏನಿಲ್ಲ," ಎಂದೆ.